‘ಕಸ ಅಂಟಿಸಿದ್ರೆ ಚಿತ್ರ ಆಗುತ್ತಾ?’: ಕುರ್ಟ್ ಶ್ವಿಟ್ಟರ್ಸ್ ಮಾಡಿದ್ದೇನು

ಕಳೆದ ತಿಂಗಳು ನನ್ನ ತಂಗಿಯ ಮಗಳಿಗೆ ಶಾಲೆಯಲ್ಲಿ ‘ಕೊಲಾಜ್’ ಹೋಂವರ್ಕ್ ಕೊಟ್ಟಿದ್ದರು. ಭಾನುವಾರ ಸಂಜೆ ಏಳು ಗಂಟೆಗೆ ಅದು ಅವಳಿಗೆ ನೆನಪಾಯಿತು. ಮಕ್ಕಳಿಗೆ ಹೋಂವರ್ಕ್ ನೆನಪಾಗುವುದೇ ಆ ಹೊತ್ತಿಗೆ, ಅಲ್ವಾ? ಬಸ್ ಟಿಕೆಟ್, ಬಿಸ್ಕತ್ತಿನ ಕವರ್, ಲಗ್ನಪತ್ರಿಕೆಯ ತುದಿ, ಹಳೇ ಕ್ಯಾಲೆಂಡರಿನ ಹಾಳೆ ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಡ್ರಾಯಿಂಗ್ ಶೀಟಿನ ಮೇಲೆ ಅಂಟಿಸುತ್ತಾ ಕೂತಳು. ನಮ್ಮಮ್ಮ ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಅಲ್ಲ ಪುಟ್ಟಿ, ಕಸ ಅಂಟಿಸಿದ್ರೆ ಚಿತ್ರ ಆಗುತ್ತಾ?”

ಪುಟ್ಟಿ ಉತ್ತರ ಕೊಡಲಿಲ್ಲ, ಅವಳಿಗೆ ಗೋಂದು ಖಾಲಿಯಾದ ಚಿಂತೆ. ಆದರೆ ಪ್ರಶ್ನೆ ಒಳ್ಳೆಯದು. ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಜನ ಇದನ್ನೇ ಒಬ್ಬ ಕಲಾವಿದನಿಗೆ ಕೇಳಿದ್ದರು. ಅವನ ಹೆಸರು ಕುರ್ಟ್ ಶ್ವಿಟ್ಟರ್ಸ್. ಬೀದಿಯಲ್ಲಿ ಬಿದ್ದ ಚೂರುಗಳನ್ನು ಅಂಟಿಸಿ, ಮೊಳೆ ಹೊಡೆದು ಚಿತ್ರ ಮಾಡಿದ. ಅರ್ಥವೇ ಇಲ್ಲದ ಶಬ್ದಗಳ ಕವಿತೆ ಬರೆದು ಮುಕ್ಕಾಲು ಗಂಟೆಯ ತನಕ ನಿಂತು ಓದಿದ. ಮಕ್ಕಳ ಕತೆಯಂತೆ ಕಾಣುವ, ಆದರೆ ಕೊನೆಗೆ ಯಾರೂ ‘ಸುಖವಾಗಿ’ ಇರದ ಕತೆಗಳನ್ನು ಬರೆದ. ಮೇಲ್ನೋಟಕ್ಕೆ ಇವು ಮೂರು ಬೇರೆ ಬೇರೆ ಹುಚ್ಚು. ನೋಡುತ್ತಾ ಹೋದರೆ ಮೂರಕ್ಕೂ ಕೈಚಳಕ ಒಂದೇ.

## ಮೊದಲು ಮೂರು ಪದ ಬಿಡಿಸಿಕೊಳ್ಳೋಣ

ಕೊಲಾಜ್ ಅನ್ನುವುದು ಫ್ರೆಂಚ್ ಪದ. ಅಂಟಿಸುವುದು ಅಂತಷ್ಟೇ ಅರ್ಥ. 1912ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಪಿಕಾಸೊ ಮತ್ತು ಬ್ರಾಕ್ ತಮ್ಮ ಚಿತ್ರಗಳಿಗೆ ಪತ್ರಿಕೆಯ ತುಂಡು, ಗೋಡೆಗೆ ಹಚ್ಚುವ ಕಾಗದ ಅಂಟಿಸಲು ಶುರುಮಾಡಿದರು. ಅಲ್ಲಿಯವರೆಗೆ ಚಿತ್ರಕಾರನ ಕೆಲಸ ಪತ್ರಿಕೆಯ ‘ಚಿತ್ರ’ ಬರೆಯುವುದಾಗಿತ್ತು. ಈಗ ಪತ್ರಿಕೆಯೇ ಚಿತ್ರದೊಳಗೆ ಬಂದು ಕೂತಿತು.

ನಮ್ಮ ಕೌದಿಯನ್ನು ನೆನಪಿಸಿಕೊಳ್ಳಿ. ಹಳೇ ಸೀರೆ, ಹರಿದ ಲಂಗ, ಅಪ್ಪನ ಅಂಗಿ ಸೇರಿ ಒಂದು ಹೊದಿಕೆ ಆಗುತ್ತದೆ. ಹೊದ್ದುಕೊಂಡ ಮೇಲೂ “ಇದು ನನ್ನ ಆ ಹಸಿರು ಲಂಗದ್ದು” ಅಂತ ಬೆರಳಿಟ್ಟು ತೋರಿಸಬಹುದು. ಕೊಲಾಜಿನ ಮಜಾ ಇರುವುದೂ ಅಲ್ಲೇ. ಚೂರು ಹೊಸದರಲ್ಲಿ ಸೇರಿಕೊಂಡಿರುತ್ತದೆ, ಆದರೆ ತನ್ನ ಹಳೆಯ ಗುರುತನ್ನು ಪೂರ್ತಿ ಬಿಟ್ಟಿರುವುದಿಲ್ಲ.

ಎರಡನೆಯದು ‘ಅವಾಂಗಾರ್ಡ್’. ಇದು ಸೈನ್ಯದಿಂದ ಬಂದ ಪದ. ದಂಡಿಗಿಂತ ಮುಂದೆ ಹೋಗಿ ದಾರಿ ನೋಡುವ ತುಕಡಿಗೆ ಹಾಗನ್ನುತ್ತಿದ್ದರು. ಕಲೆಯಲ್ಲಿ, ಇನ್ನೂ ಯಾರೂ ಹೋಗದ ಕಡೆ ಮೊದಲು ಕಾಲಿಡುವವರು ಅಂತ ಅರ್ಥ.

ಮೂರನೆಯದು ‘ಡಾಡಾ’. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಒಂದಿಷ್ಟು ಕವಿಗಳು, ಕಲಾವಿದರು ‘ಕ್ಯಾಬರೆ ವೋಲ್ಟೇರ್’ ಅನ್ನುವ ಪುಟ್ಟ ಜಾಗದಲ್ಲಿ ಸೇರುತ್ತಿದ್ದರು. ಬುದ್ಧಿವಂತಿಕೆಯ ಮಾತಾಡುವ ದೇಶಗಳೇ ಲಕ್ಷಗಟ್ಟಲೆ ಹುಡುಗರನ್ನು ಕೊಲ್ಲುತ್ತಿವೆ, ಹಾಗಾದರೆ ಆ ಬುದ್ಧಿವಂತಿಕೆಯೇ ನಮಗೆ ಬೇಡ ಅನ್ನುವುದು ಅವರ ವಾದ. ಬೇಕೆಂದೇ ಅಸಂಬದ್ಧವಾಗಿ ಹಾಡಿದರು, ಕುಣಿದರು, ಬರೆದರು. ಶ್ವಿಟ್ಟರ್ಸ್ ಈ ಗುಂಪಿನ ಹತ್ತಿರದ ನೆಂಟ. ಒಳಗಿನವನು ಅಂತ ಮಾತ್ರ ಹೇಳುವಂತಿಲ್ಲ. ಬರ್ಲಿನ್ನಿನ ಡಾಡಾ ಗುಂಪಿನ ಹ್ಯೂಲ್ಸೆನ್‌ಬೆಕ್‌ಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಅವರಿಗೆ ಕ್ರಾಂತಿ ಬೇಕಿತ್ತು. ಇವನೋ ಅಪ್ಪನ ಮನೆಯಲ್ಲಿ ಹೆಂಡತಿ ಮಗುವಿನ ಜೊತೆ ಇದ್ದ ಸಂಸಾರಸ್ಥ.

## ಹ್ಯಾನೋವರಿನ ಹುಡುಗ

ಶ್ವಿಟ್ಟರ್ಸ್ ಹುಟ್ಟಿದ್ದು 1887ರ ಜೂನ್ 20ರಂದು, ಜರ್ಮನಿಯ ಹ್ಯಾನೋವರಿನಲ್ಲಿ. ಅಪ್ಪ ಅಮ್ಮ ಹೆಂಗಸರ ಬಟ್ಟೆ ಅಂಗಡಿ ಇಟ್ಟಿದ್ದರು. ಮುಂದೆ ಅಂಗಡಿ ಮಾರಿ ಮನೆಗಳನ್ನು ಕೊಂಡು ಬಾಡಿಗೆಗೆ ಬಿಟ್ಟರು. ಒಬ್ಬನೇ ಮಗ. ಚಿಕ್ಕವನಿದ್ದಾಗ ಊರ ಹೊರಗೆ ತನ್ನದೇ ಪುಟ್ಟ ತೋಟ ಮಾಡಿಕೊಂಡಿದ್ದ. ಗುಲಾಬಿ, ಸ್ಟ್ರಾಬೆರಿ, ಒಂದು ಕೊಳವೂ ಇತ್ತಂತೆ. ಹಳ್ಳಿಯ ಹುಡುಗರು ಒಂದು ದಿನ ಅದನ್ನು ಅವನ ಕಣ್ಣೆದುರೇ ಹಾಳು ಮಾಡಿದರು. ಆ ಆಘಾತದಲ್ಲಿ ಮೊದಲ ಸಲ ಮೂರ್ಛೆರೋಗ ಕಾಣಿಸಿಕೊಂಡಿತು. ಆಗ ಅವನಿಗೆ 14 ವರ್ಷ. ಆ ಕಾಯಿಲೆ ಕೊನೆಯವರೆಗೂ ಜೊತೆಗಿತ್ತು.

1909ರಿಂದ ಡ್ರೆಸ್ಡೆನ್ನಿನ ಕಲಾ ಅಕಾಡೆಮಿಯಲ್ಲಿ ಕಲಿತ. ಅಲ್ಲಿ ಕಲಿತದ್ದು ಮಾಮೂಲು ವಿದ್ಯೆ: ಮುಖ, ಮರ, ಹಣ್ಣಿನ ತಟ್ಟೆ. ಅದನ್ನು ಅವನು ಎಂದೂ ಬಿಡಲಿಲ್ಲ. ಕೊನೆಯವರೆಗೂ ಇದ್ದದ್ದು ಇದ್ದ ಹಾಗೆ ಭಾವಚಿತ್ರ, ಬೆಟ್ಟಗುಡ್ಡದ ಚಿತ್ರ ಬರೆದು ಮಾರುತ್ತಲೇ ಇದ್ದ. ಇದನ್ನು ಮುಂಚೆಯೇ ಹೇಳುತ್ತಿದ್ದೇನೆ, ಯಾಕೆಂದರೆ “ಚಿತ್ರ ಬರೆಯೋಕೆ ಬರದೆ ಕಾಗದ ಅಂಟಿಸಿದ” ಅನ್ನುವ ಮಾತು ಯಾರಾದರೂ ಆಡಿಯೇ ಆಡುತ್ತಾರೆ.

1915ರಲ್ಲಿ ಹೆಲ್ಮಾಳನ್ನು ಮದುವೆಯಾದ. 1917ರಲ್ಲಿ ಸೈನ್ಯಕ್ಕೆ ಕರೆ ಬಂತು, ಕಾಯಿಲೆಯ ಕಾರಣ ಯುದ್ಧಭೂಮಿಗೆ ಹೋಗಲಿಲ್ಲ. ಕೊನೆಗೆ ಹ್ಯಾನೋವರಿನ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸಕ್ಕೆ ಹಾಕಿದರು. ಅಲ್ಲಿ ಗಾಲಿಗಳ ಮೋಹ ಹತ್ತಿತು. ಮುಂದೆ ಅವನ ಚಿತ್ರಗಳಲ್ಲಿ ಗಾಲಿಗಳು ಎಲ್ಲೆಂದರಲ್ಲಿ ಕಾಣಿಸುತ್ತವೆ.

1918ರಲ್ಲಿ ಯುದ್ಧ ಮುಗಿಯಿತು. ಜರ್ಮನಿ ಸೋತಿತ್ತು, ಚಕ್ರವರ್ತಿ ಓಡಿಹೋಗಿದ್ದ, ಊಟಕ್ಕೆ ತತ್ವಾರ. ಆ ಹೊತ್ತನ್ನು ನೆನೆದು ಶ್ವಿಟ್ಟರ್ಸ್ ಮುಂದೆ ಹೇಳಿದ್ದರ ಸಾರ ಇಷ್ಟು: ಹೇಗೂ ಎಲ್ಲವೂ ಒಡೆದುಹೋಗಿತ್ತು, ಹೊಸದನ್ನು ಮಾಡುವುದಿದ್ದರೆ ಆ ಚೂರುಗಳಿಂದಲೇ ಮಾಡಬೇಕಿತ್ತು.

## ‘ಮೆರ್ತ್ಸ್’ ಅಂದರೆ ಏನೂ ಅಲ್ಲ

1919ರಲ್ಲಿ ಒಂದು ಚಿತ್ರಕ್ಕಾಗಿ ಚೂರುಗಳನ್ನು ಜೋಡಿಸುತ್ತಿದ್ದಾಗ ಒಂದು ಬ್ಯಾಂಕಿನ ಜಾಹೀರಾತು ಕೈಗೆ ಸಿಕ್ಕಿತು. ‘ಕೊಮೆರ್ತ್ಸ್ ಉಂಡ್ ಪ್ರಿವಾಟ್‌ಬ್ಯಾಂಕ್’ ಅಂತ ಅದರಲ್ಲಿ ಅಚ್ಚಾಗಿತ್ತು. ಕೊಮೆರ್ತ್ಸ್ ಅಂದರೆ ವಾಣಿಜ್ಯ. ಕತ್ತರಿಸಿ ಅಂಟಿಸಿದಾಗ ಕಾಣುವಂತೆ ಉಳಿದದ್ದು ‘ಮೆರ್ತ್ಸ್’ ಮಾತ್ರ.

ಕನ್ನಡದಲ್ಲಿ ಊಹಿಸಿಕೊಳ್ಳಿ. ‘ವಾಣಿಜ್ಯ ಬ್ಯಾಂಕ್’ ಅನ್ನುವ ಬೋರ್ಡಿನಲ್ಲಿ ಮೊದಲ ಅಕ್ಷರ ಉದುರಿ ‘ಣಿಜ್ಯ’ ಉಳಿಯಿತು. ಆಮೇಲೆ ಯಾರೋ ಕಲಾವಿದ “ಇನ್ನು ಮೇಲೆ ನನ್ನ ಚಿತ್ರಗಳೆಲ್ಲ ಣಿಜ್ಯ ಚಿತ್ರ, ನನ್ನ ಪತ್ರಿಕೆಯ ಹೆಸರು ಣಿಜ್ಯ, ನಾನೂ ಣಿಜ್ಯ” ಅಂದ. ಶ್ವಿಟ್ಟರ್ಸ್ ಮಾಡಿದ್ದು ಹೆಚ್ಚುಕಮ್ಮಿ ಇದನ್ನೇ. ಚಿತ್ರಗಳಿಗೆ ಮೆರ್ತ್ಸ್ ಅಂದ. 1923ರಿಂದ 1932ರವರೆಗೆ ‘ಮೆರ್ತ್ಸ್’ ಹೆಸರಿನ ಪತ್ರಿಕೆ ನಡೆಸಿದ. ತನ್ನನ್ನೂ ಮೆರ್ತ್ಸ್ ಅಂತಲೇ ಕರೆದುಕೊಂಡ.

ಯಾಕೆ ಬೇಕಿತ್ತು ಇಂಥ ಹೆಸರು? ‘ವಾಣಿಜ್ಯ’ಕ್ಕೆ ಒಂದು ಕೆಲಸ ಇದೆ, ದುಡ್ಡಿನ ಲೋಕವನ್ನು ತೋರಿಸುವ ಕೆಲಸ. ‘ಣಿಜ್ಯ’ಕ್ಕೆ ಯಾವ ಕೆಲಸವೂ ಇಲ್ಲ. ಅದು ಖಾಲಿ ಪಾತ್ರೆ, ಏನು ಬೇಕಾದರೂ ತುಂಬಬಹುದು. ಹಳೆಯ ವಸ್ತುವನ್ನು ಅದರ ಹಳೆಯ ಕೆಲಸದಿಂದ ಬಿಡಿಸುವುದು, ಬಿಡಿಸಿದ್ದನ್ನು ಹೊಸ ಜಾಗದಲ್ಲಿ ಕೂರಿಸುವುದು. ಇದೇ ನಾನು ಮೊದಲು ಹೇಳಿದ ಕೈಚಳಕ. ಕಾಗದದ ಮೇಲೆ, ಶಬ್ದದ ಮೇಲೆ, ಕತೆಯ ಮೇಲೆ ಇದನ್ನೇ ಪ್ರಯೋಗಿಸಿದ.

## ಚೆರ್ರಿ ಹಣ್ಣಿನ ಚಿತ್ರವನ್ನು ಹತ್ತಿರದಿಂದ ನೋಡಿದರೆ

ಅವನು ಆರಿಸಿಕೊಳ್ಳುತ್ತಿದ್ದ ವಸ್ತುಗಳ ಪಟ್ಟಿ ನಮ್ಮ ಯಾವುದೇ ಮನೆಯ ಡ್ರಾಯರಿನಂತಿದೆ: ಟ್ರಾಮ್ ಟಿಕೆಟ್, ಮಿಠಾಯಿ ಕಾಗದ, ಗುಂಡಿ, ದಾರ, ತಂತಿ, ಸಿಗರೇಟು ಪೊಟ್ಟಣ, ಮರದ ಚೂರು, ಹತ್ತಿ. ಸಣ್ಣ ಕಾಗದದ ಕೊಲಾಜಿಗೆ ಹಿಟ್ಟಿನ ಅಂಟೇ ಸಾಕಾಗುತ್ತಿತ್ತು. ಒದ್ದೆ ಅಂಟಿನ ಮೇಲೆ ಚೂರುಗಳನ್ನು ಅತ್ತ ಇತ್ತ ಜಾರಿಸುತ್ತಾ, ಸರಿ ಕಂಡ ಜಾಗದಲ್ಲಿ ಬಿಡುತ್ತಿದ್ದ. ದೊಡ್ಡದಾದರೆ ಮೊಳೆ, ಸುತ್ತಿಗೆ. ಬರ್ಲಿನ್ನಿನ ರಾವುಲ್ ಹೌಸ್‌ಮನ್ ಎಂಬ ಡಾಡಾ ಕಲಾವಿದನ ಬಳಿ ಹೋಗಿ “ನಾನು ಚಿತ್ರಕಾರ, ನನ್ನ ಚಿತ್ರಗಳಿಗೆ ಮೊಳೆ ಹೊಡೆಯುತ್ತೇನೆ” ಅಂತ ಪರಿಚಯ ಹೇಳಿಕೊಂಡನಂತೆ.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 1921ರ ಒಂದು ಕೊಲಾಜ್ ಇದೆ. ‘ಚೆರ್ರಿ ಚಿತ್ರ’ ಅಂತ ಹೆಸರು. ಎತ್ತರ ಮೂರು ಅಡಿ, ಅಗಲ ಅದಕ್ಕಿಂತ ತುಸು ಕಮ್ಮಿ. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ, ಒಂದು ಸಲ ತೆರೆದು ನೋಡಿ.

ಮೊದಲು ಕಣ್ಣಿಗೆ ಬೀಳುವುದು ನಡುವೆ ಇರುವ ಒಂದು ಬಿಳಿ ಚೀಟಿ. ಮಕ್ಕಳಿಗೆ ಪದ ಕಲಿಸುವ ಕಾರ್ಡು ಅದು. ಕೆಂಪು ಚೆರ್ರಿ ಗೊಂಚಲಿನ ಚಿತ್ರ, ಜೊತೆಗೆ ಹಣ್ಣಿನ ಹೆಸರು ಜರ್ಮನ್ ಮತ್ತು ಫ್ರೆಂಚಿನಲ್ಲಿ. ಮೂರು ವರ್ಷದ ಹಿಂದೆ ಕಾದಾಡಿ ಮುಗಿಸಿದ ಎರಡು ದೇಶಗಳ ಭಾಷೆ ಅಕ್ಕಪಕ್ಕ ಕೂತಿವೆ. ಇದನ್ನು ಅವನು ಬೇಕೆಂದೇ ಮಾಡಿದ ಅಂತ ನಾನು ಹೇಳುತ್ತಿಲ್ಲ, ಕಾರ್ಡೇ ಹಾಗಿತ್ತು. ಆ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಒಂದು ಪ್ರೇಮದ ಸಾಲು ಗೀಚಿದ್ದಾನೆ, ಅದೂ ವ್ಯಾಕರಣ ತಪ್ಪು. ಆ ಸಾಲಿಗೆ ಆಮೇಲೆ ಬರೋಣ. ಸುತ್ತ ಬಟ್ಟೆ ಚೂರು, ಪತ್ರಿಕೆಯ ತುಂಡು, ಬೂಚು. ಕೆಲವು ಕತ್ತಲೆಯ ಬಣ್ಣ, ಕೆಲವು ಬೆಳಕಿನ ಬಣ್ಣ. ಕತ್ತಲೆಯವು ಹಿಂದೆ ಸರಿದಂತೆ, ಬೆಳಕಿನವು ಮುಂದೆ ಬಂದಂತೆ ಕಾಣುತ್ತವೆ.

ಈಗ ಒಂದು ಆಟ. ಫೋನಿನ ಪರದೆಯ ಮೇಲೆ ಹೆಬ್ಬೆರಳಿಟ್ಟು ಆ ಬಿಳಿ ಕಾರ್ಡನ್ನು ಮುಚ್ಚಿ. ಚಿತ್ರ ಪೂರ್ತಿ ಮಂಕಾಗುತ್ತದೆ, ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಬೆರಳು ತೆಗೆದರೆ ಮತ್ತೆ ಹಿಡಿತ ಬರುತ್ತದೆ. ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಅಜ್ಜಿಗೆ ದೂರದಿಂದಲೇ ಗೊತ್ತಾಗುತ್ತದಲ್ಲ, ಹಾಗೆ. ಯಾವ ಚೂರು ಅನ್ನುವುದಕ್ಕಿಂತ ಯಾವುದರ ಪಕ್ಕ ಯಾವ ಚೂರು ಅನ್ನುವುದೇ ಇಲ್ಲಿ ಕಲೆ. ಟಿಕೆಟ್ಟಿಗೆ ಪ್ರಯಾಣ ಮಾಡಿಸುವ ಕೆಲಸ ಮುಗಿದಿದೆ. ಈಗ ಅದು ಒಂದು ಮಾಸಲು ಚೌಕ, ಒಂದು ಗೆರೆ, ಒಂದಿಷ್ಟು ತೂಕ. ನಮ್ಮಮ್ಮನಿಗೆ ನಾನು ಕೊಟ್ಟ ಉತ್ತರವೂ ಇದೇ. ಅವರು ಪೂರ್ತಿ ಒಪ್ಪಲಿಲ್ಲ ಅನ್ನುವುದು ಬೇರೆ ಮಾತು.

## ವಿಭಕ್ತಿ ತಪ್ಪಿದ ಪ್ರೇಮಪತ್ರ

1919ರಲ್ಲೇ ಅವನ ‘ಆನ್ನಾ ಬ್ಲೂಮ’ ಕವಿತೆ ಬಂತು. ಬ್ಲೂಮ ಅಂದರೆ ಹೂವು. ಹ್ಯಾನೋವರಿನ ಬೀದಿಗಳಲ್ಲಿ ಜಾಹೀರಾತು ಹಚ್ಚುವ ಕಂಬಗಳ ಮೇಲೆ ಈ ಕವಿತೆಯನ್ನು ಪೋಸ್ಟರ್ ಮಾಡಿ ಅಂಟಿಸಲಾಯಿತು. ಊರಿಗೆ ಊರೇ ಮಾತಾಡಿತು, ಅರ್ಧ ನಗು, ಅರ್ಧ ಸಿಟ್ಟು.

ಅದರಲ್ಲಿ ಪ್ರೇಮಿ ತನ್ನ ಇಪ್ಪತ್ತೇಳು ಇಂದ್ರಿಯಗಳ ಪ್ರಿಯತಮೆಯನ್ನು ಕರೆಯುತ್ತಾನೆ. ನಮಗೆಲ್ಲ ಐದು, ಅವನಿಗೆ ಇಪ್ಪತ್ತೇಳು. ನಿನ್ನ ಹಳದಿ ಕೂದಲಿನ ಬಣ್ಣ ನೀಲಿ ಅನ್ನುತ್ತಾನೆ. ಆನ್ನಾ ಅನ್ನುವ ಹೆಸರನ್ನು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಅಂತ ಹಿಗ್ಗುತ್ತಾನೆ. ನಾಲ್ಕು ರೋಮನ್ ಅಕ್ಷರಗಳಲ್ಲಿ ಅದು ನಮ್ಮ ‘ಗದಗ’ದ ಹಾಗೆ, ಯಾವ ಕಡೆಯಿಂದ ಬಂದರೂ ಅದೇ ಊರು.

ಚೆರ್ರಿ ಕಾರ್ಡಿನ ಮೇಲೆ ಗೀಚಿದ ಸಾಲು ಇಲ್ಲಿಯದೇ: ‘ಇಷ್ ಲೀಬ ಡೀರ್’. ಜರ್ಮನ್ನಿನಲ್ಲಿ ಸರಿಯಾದ ರೂಪ ‘ಇಷ್ ಲೀಬ ಡಿಷ್’, ಅಂದರೆ ‘ನಿನ್ನನ್ನು ಪ್ರೀತಿಸುತ್ತೇನೆ’. ‘ಡೀರ್’ ಅಂದರೆ ‘ನಿನಗೆ’. ಹಾಗಾಗಿ ಪ್ರೇಮಿ ಹೇಳುತ್ತಿರುವುದು ‘ನಾನು ನಿನಗೆ ಪ್ರೀತಿಸುತ್ತೇನೆ’ ಅಂತ. ಎಷ್ಟೋ ಭಾಷೆಗೆ ಅನುವಾದಿಸುವಾಗ ಕಷ್ಟವಾಗುವ ಈ ತಪ್ಪು ಕನ್ನಡದಲ್ಲಿ ಇದ್ದಂತೆಯೇ ಕೂರುತ್ತದೆ, ಯಾಕೆಂದರೆ ನಮ್ಮಲ್ಲೂ ವಿಭಕ್ತಿ ಇದೆ. ಮುಂದಿನ ಸಾಲು ಇನ್ನೂ ಮಜವಾಗಿದೆ. ಶಾಲೆಯಲ್ಲಿ ನಾವು ‘ಉ, ಅನ್ನು, ಇಂದ, ಗೆ’ ಅಂತ ಬಾಯಿಪಾಠ ಮಾಡುತ್ತಿದ್ದೆವಲ್ಲ, ಆ ಪಾಠವನ್ನೇ ಪ್ರೇಮಗೀತೆ ಮಾಡಿದ್ದಾನೆ: ನೀನು, ನಿನ್ನ, ನಿನ್ನನ್ನು, ನಿನಗೆ. ನಾನು ನಿನಗೆ, ನೀನು ನನಗೆ. ನಾವು?

ವ್ಯಾಕರಣದ ಪುಸ್ತಕದಿಂದ ಹರಿದ ಒಂದು ಚೂರು. ಕಾಗದದ ಮೇಲೆ ಮಾಡಿದ್ದನ್ನೇ ಇಲ್ಲಿ ಮಾತಿನ ಮೇಲೆ ಮಾಡಿದ.

## ಪದವಿಲ್ಲದ ಕವಿತೆ

ಮಾತನ್ನು ಕತ್ತರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಅಕ್ಷರ, ಅಕ್ಷರದ ಸದ್ದು. ಅಲ್ಲಿಗೂ ಹೋದ.

‘ಶಬ್ದಕವಿತೆ’ ಅಂದರೆ ಅರ್ಥ ಬಿಟ್ಟು ಸದ್ದನ್ನೇ ಕಟ್ಟಿದ ಕವಿತೆ. ಜೂರಿಕ್‌ನಲ್ಲಿ ಹ್ಯೂಗೋ ಬಾಲ್ ಎಂಬ ಡಾಡಾ ಕವಿ 1916ರಲ್ಲೇ ರಟ್ಟಿನ ವೇಷ ತೊಟ್ಟು ಇಂಥದ್ದನ್ನು ಓದಿದ್ದ. ಕನ್ನಡಿಗರಿಗೆ ಇದು ತೀರಾ ಹೊಸದಲ್ಲ. ದಬದಬ, ಚಟಪಟ, ಗುಳುಗುಳು ಅನ್ನುವ ಅನುಕರಣಾವ್ಯಯಗಳಿಗೆ ಏನರ್ಥ? ಸದ್ದೇ ಅರ್ಥ. ಇನ್ನೂ ಹತ್ತಿರದ ಹೋಲಿಕೆ ಕೊನ್ನಕೋಲ್. ‘ತಕ ಧಿಮಿ’ ಅಂತ ಬಾಯಲ್ಲಿ ಲಯ ಹೇಳುವವರನ್ನು ಯಾರೂ “ಏನ್ರೀ ಅದರ ಅರ್ಥ” ಅಂತ ಕೇಳುವುದಿಲ್ಲ. ತಾಳ ಹಾಕುತ್ತಾ ಕೇಳುತ್ತೇವೆ, ಅಷ್ಟೇ.

ಶ್ವಿಟ್ಟರ್ಸ್‌ನ ‘ಉರ್‌ಸೊನಾಟೆ’ಯನ್ನೂ ಹಾಗೆಯೇ ಕೇಳಬೇಕು. ‘ಉರ್’ ಅಂದರೆ ಮೂಲದ್ದು, ಆದಿಯದ್ದು. ಸೊನಾಟಾ ಅಂದರೆ ಪಾಶ್ಚಾತ್ಯ ಸಂಗೀತದ ಒಂದು ರಚನೆ. ಅದು ಶುರುವಾಗುವುದು ಹೀಗೆ:

ಫ್ಯುಮ್ಸ್ ಬೊ ವೊ ಟೇ ಟ್ಸೇ ಊ, ಪೊಗಿಫ್, ಕ್ವೀ ಏ.

ಇದು ಬಂದದ್ದೆಲ್ಲಿಂದ? ಮೇಲೆ ಹೇಳಿದ ರಾವುಲ್ ಹೌಸ್‌ಮನ್ 1918ರಲ್ಲಿ ಒಂದು ಪೋಸ್ಟರ್ ಅಚ್ಚು ಹಾಕಿಸಿದ್ದ. ಮೊಳೆ ಜೋಡಿಸುವವನ ಕೈಗೆ ಸಿಕ್ಕ ಅಕ್ಷರಗಳೇ ಕವಿತೆ ಅನ್ನುವ ಲೆಕ್ಕ. (ಮೊಳೆ ಅಂದರೆ ಇಲ್ಲಿ ಅಚ್ಚಿನ ಮೊಳೆ, ಸುತ್ತಿಗೆಯದ್ದಲ್ಲ.) ಅದರಲ್ಲಿ ‘ಎಫ್ ಎಂ ಎಸ್ ಬಿ ಡಬ್ಲ್ಯೂ’ ಅಂತ ವ್ಯಂಜನಗಳೇ ಸಾಲಾಗಿ ನಿಂತಿದ್ದವು. 1921ರಲ್ಲಿ ಇಬ್ಬರೂ ತಮ್ಮ ಸಂಗಾತಿಗಳ ಜೊತೆ ಪ್ರಾಗ್‌ಗೆ ಹೋಗಿದ್ದಾಗ ಹೌಸ್‌ಮನ್ ಅದನ್ನು ಓದಿದ. ಶ್ವಿಟ್ಟರ್ಸ್‌ಗೆ ಅದು ಹಿಡಿದುಕೊಂಡಿತು. ಆ ಬರೀ ವ್ಯಂಜನಗಳ ನಡುವೆ ಸ್ವರಗಳನ್ನು ತುಂಬಿ, ಉಚ್ಚರಿಸಲು ಬರುವಂತೆ ಮಾಡಿಕೊಂಡು, ಅದನ್ನೇ ಬೆಳೆಸುತ್ತಾ ಹೋದ. ಒಂದು ದಶಕ ತಿದ್ದಿ ತೀಡಿ 1932ರಲ್ಲಿ ತನ್ನ ಪತ್ರಿಕೆಯ 24ನೇ, ಕೊನೆಯ ಸಂಚಿಕೆಯಾಗಿ ಅಚ್ಚು ಹಾಕಿಸಿದ. ಪುಟಗಳನ್ನು ಜೋಡಿಸಿದ್ದು ಯಾನ್ ಚಿಕೋಲ್ಡ್, ಮುದ್ರಣ ವಿನ್ಯಾಸದಲ್ಲಿ ದೊಡ್ಡ ಹೆಸರು. ತನ್ನ ಬೀಜ ಬೇರೆಯವನ ಹೊಲದಲ್ಲಿ ಮರವಾದದ್ದು ಹೌಸ್‌ಮನ್‌ಗೆ ಅಷ್ಟೇನೂ ಹಿಡಿಸಲಿಲ್ಲ.

ಸುಮ್ನೆ ಬಾಯಿಗೆ ಬಂದದ್ದು ಕೂಗಿದ್ದಲ್ಲ ಇದು. ನಾಲ್ಕು ಭಾಗಗಳಿವೆ. ಮೊದಲನೆಯದು ರೋಂಡೊ. ಕೃತಿಯಲ್ಲಿ ಪಲ್ಲವಿ ಮತ್ತೆ ಮತ್ತೆ ಬರುತ್ತದಲ್ಲ, ಹಾಗೆ ರೋಂಡೊದಲ್ಲಿ ಮುಖ್ಯ ಸಾಲು ತಿರುಗಿ ತಿರುಗಿ ಬರುತ್ತದೆ. ಎರಡನೆಯದು ನಿಧಾನಗತಿ. ಮೂರನೆಯದು ಚುರುಕು, ‘ಲಂಕೆ ಟ್ರ್ರ್ ಗ್ಲ್ಲ್’ ಅಂತ ನಾಲಿಗೆ ಹೊರಳುತ್ತದೆ. ನಾಲ್ಕನೆಯದು ದ್ರುತ. ಒಂದು ಸಾಲು ಬರುತ್ತದೆ, ಸ್ವಲ್ಪ ಬದಲಾಗಿ ಮತ್ತೆ ಬರುತ್ತದೆ, ಇನ್ನೊಂದರ ಜೊತೆ ಕಾದಾಡುತ್ತದೆ. ನಡುವೆ ‘ರಾಕೆಟೆ’ ಅನ್ನುವ ನಿಜವಾದ ಪದ ಇಣುಕುತ್ತದೆ. ರಾಕೆಟ್ ಅಂತ ಅದರ ಅರ್ಥ. ಸದ್ದುಗಳ ಮಧ್ಯೆ ಅದಕ್ಕೂ ಅರ್ಥ ಉಳಿಯುವುದಿಲ್ಲ.

ಓದುವುದು ಹೇಗೆ ಅಂತಲೂ ಬರೆದಿಟ್ಟಿದ್ದಾನೆ. ಅಕ್ಷರಗಳಿಗೆ ಜರ್ಮನ್ ಉಚ್ಚಾರ. ಒಂದು ಸ್ವರ ಬರೆದಿದ್ದರೆ ಹ್ರಸ್ವ, ಎರಡು ಬರೆದಿದ್ದರೆ ದೀರ್ಘ. ಓದಿದಾಗ ನನಗೆ ನಗು ಬಂತು. ಹ್ರಸ್ವ ದೀರ್ಘಕ್ಕೆ ಬೇರೆ ಬೇರೆ ಅಕ್ಷರ ಇಟ್ಟುಕೊಂಡ ನಮಗೆ ಆ ಸೂಚನೆಯೇ ಬೇಕಿಲ್ಲ.

ಕೊನೆ ಮಾತ್ರ ಅದ್ಭುತ. ಜರ್ಮನ್ ವರ್ಣಮಾಲೆಯನ್ನು ಹಿಂದಿನಿಂದ ಹೇಳುತ್ತಾ ಬರುತ್ತಾನೆ. ಝಡ್‌ನಿಂದ ಇಳಿದು ಇಳಿದು ಡಿ, ಸಿ, ಬಿ. ಇನ್ನು ‘ಎ’ ಬರಬೇಕು, ಕೇಳುವವರು ಕಾಯುತ್ತಿದ್ದಾರೆ. ಬರುವುದಿಲ್ಲ. ‘ಬೇ?’ ಅಂತ ನೋವಿನ ದನಿಯಲ್ಲಿ ನಿಂತುಬಿಡುತ್ತದೆ. ಕಡೆಯ ಮೆಟ್ಟಿಲಿದೆ ಅಂತ ಕತ್ತಲಲ್ಲಿ ಕಾಲಿಟ್ಟು, ಅದು ಇಲ್ಲದೆ ಹೋದಾಗ ಆಗುವ ಹಾಗೆ ಆಗುತ್ತದೆ. ಅರ್ಥ ಒಂದಿಷ್ಟೂ ಇಲ್ಲ, ಆದರೂ ಏನೋ ಕಳೆದುಕೊಂಡ ಅನುಭವ ಖಂಡಿತ ಇದೆ.

ಜನ ಇದನ್ನು ಹೇಗೆ ತಗೊಂಡರು? ಗೆಳೆಯ ಹಾನ್ಸ್ ರಿಕ್ಟರ್ ಒಂದು ಪ್ರಸಂಗ ಬರೆದಿದ್ದಾನೆ. 1920ರ ದಶಕದ ನಡುವೆ ಪಾಟ್ಸ್‌ಡಾಮ್‌ನ ಒಂದು ಮನೆಯಲ್ಲಿ ಓದುವ ಕಾರ್ಯಕ್ರಮ. ಮುಂದೆ ಕೂತವರು ನಿವೃತ್ತ ಸೇನಾಧಿಕಾರಿಗಳು, ಮರ್ಯಾದಸ್ಥ ಮನೆತನದವರು. ಶ್ವಿಟ್ಟರ್ಸ್ ಎದ್ದು ನಿಂತು ಶುರುಮಾಡಿದ. ಅವರಿಗೆ ಮೊದಲು ಗೊಂದಲ. ಆಮೇಲೆ ನಗು ತಡೆಯುವ ಯತ್ನ. ಮುಖ ಕೆಂಪಾಯಿತು, ಕೆನ್ನೆ ಉಬ್ಬಿತು, ಕೊನೆಗೆ ಕಟ್ಟೆ ಒಡೆದಂತೆ ಇಡೀ ಸಭೆ ಹೋ ಅಂತ ನಕ್ಕಿತು. ಶ್ವಿಟ್ಟರ್ಸ್ ನಿಲ್ಲಿಸಲಿಲ್ಲ. ತನ್ನ ದೊಡ್ಡ ದನಿಯನ್ನು ಇನ್ನಷ್ಟು ಏರಿಸಿ ಮುಂದುವರಿಸಿದ. ನಗು ತಾನಾಗಿ ಇಳಿಯಿತು, ಜನ ಕೇಳತೊಡಗಿದರು. ಮುಗಿದ ಮೇಲೆ ಅದೇ ಸೇನಾಧಿಕಾರಿಗಳು ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ಕೃತಜ್ಞತೆ ಹೇಳಿದರಂತೆ.

1932ರಲ್ಲಿ ಜರ್ಮನ್ ರೇಡಿಯೊ ಅವನ ದನಿಯಲ್ಲೇ ಒಂದು ಭಾಗವನ್ನು ಧ್ವನಿಮುದ್ರಿಸಿತು. ಅದು ಇವತ್ತಿಗೂ ಕೇಳಲು ಸಿಗುತ್ತದೆ. ಮಕ್ಕಳಿಗೆ ಮೊದಲು ಕೇಳಿಸಿ, ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

## ಒಂದಾನೊಂದು ಕಾಲದಲ್ಲಿ, ಆದರೆ

ಕತೆಗಳಿಗೆ ಬರೋಣ. ಅಡಗೂಲಜ್ಜಿ ಕತೆಗಳಿಗೆ ಒಂದು ಕಟ್ಟು ಇರುತ್ತದೆ. ಒಂದಾನೊಂದು ಕಾಲ, ಒಬ್ಬ ರಾಜ, ಒಂದು ಕಷ್ಟ, ಮೂರು ವರ, ಕೊನೆಗೆ ಸುಖ. ಜರ್ಮನಿಯಲ್ಲಿ ಗ್ರಿಮ್ ಸಹೋದರರು ಸೇರಿಸಿಟ್ಟ ಕತೆಗಳಿಂದ ಈ ಕಟ್ಟು ಮನೆಮನೆಗೂ ಗೊತ್ತು. ಶ್ವಿಟ್ಟರ್ಸ್‌ಗೆ ಅದೂ ಬಳಸಿ ಸವೆದ ವಸ್ತುವೇ, ಟ್ರಾಮ್ ಟಿಕೆಟ್ಟಿನ ಹಾಗೆ. ರಾಜ, ಹಂದಿ ಕಾಯುವವನು, ಮಾತಾಡುವ ಪ್ರಾಣಿ ಎಲ್ಲರನ್ನೂ ಕತ್ತರಿಸಿ ತಂದ. ಸುಖಾಂತವನ್ನು ಮಾತ್ರ ತರಲಿಲ್ಲ.

1919ರ ‘ಈರು‍ಳ್ಳಿ’ಯನ್ನು ನೋಡಿ. ಕತೆ ಹೇಳುವವನನ್ನು ಕಡಿಯಲು ದಿನ ಗೊತ್ತಾಗಿದೆ. ಇವತ್ತೇ ಆ ವಿಶೇಷ ದಿನ ಅಂತ ಹಬ್ಬದ ಸುದ್ದಿಯಂತೆ ಹೇಳಿಕೊಂಡೇ ಕತೆ ಶುರು ಮಾಡುತ್ತಾನೆ. ರಾಜನೂ ನೋಡಲು ಬಂದಿದ್ದಾನೆ. ಕಟುಕ ಇವನನ್ನು ತುಂಡು ತುಂಡು ಮಾಡುತ್ತಾನೆ. ಆಮೇಲೆ ಸಿನಿಮಾ ರೀಲನ್ನು ಹಿಂದಕ್ಕೆ ಓಡಿಸಿದಂತೆ ಎಲ್ಲ ತುಂಡೂ ಒಂದೊಂದಾಗಿ ತಮ್ಮ ಜಾಗಕ್ಕೆ ಮರಳುತ್ತವೆ. ಕತೆಗಾರ ಎದ್ದು ನಿಲ್ಲುತ್ತಾನೆ, ಸಾಯುವವನು ರಾಜ. ವಾಕ್ಯಗಳ ಮಧ್ಯೆ ಮಧ್ಯೆ ಆವರಣದೊಳಗೆ ಜಾಹೀರಾತಿನ ಸಾಲುಗಳ ತುಣುಕು ಬಂದು ಬೀಳುತ್ತವೆ. ಮನುಷ್ಯನನ್ನು ಚೂರು ಮಾಡಿ ಮತ್ತೆ ಜೋಡಿಸುವ ಕತೆ, ಅದನ್ನು ಹೇಳುವ ರೀತಿಯೂ ಚೂರು ಜೋಡಿಸಿದ್ದೇ. ಯುದ್ಧದಿಂದ ಕೈಕಾಲು ಕಳೆದುಕೊಂಡು ಬಂದವರು ಬೀದಿ ತುಂಬಾ ಇದ್ದ ವರ್ಷ ಅದು. ಮಕ್ಕಳಿಗೆ ಓದಿ ಹೇಳುವ ಮೊದಲು ಒಂದು ಸಲ ಯೋಚಿಸಿ.

ಮಗ ಎರ್ನ್ಸ್ಟ್ ಬೆಳೆಯುತ್ತಿದ್ದಾಗ ನಿಜವಾಗಿ ಮಕ್ಕಳಿಗೆಂದೇ ಒಂದಿಷ್ಟು ಪುಸ್ತಕ ಮಾಡಿದ. ಹ್ಯಾನೋವರಿನ ಕಲಾವಿದೆ ಕೇಟ್ ಶ್ಟೈನಿಟ್ಸ್ ಜೊತೆಗಿದ್ದಳು. ಅವುಗಳಲ್ಲಿ ನನಗೆ ಅತಿ ಇಷ್ಟದ್ದು 1925ರ ‘ಬೆದರುಗೊಂಬೆ’, ನಮ್ಮ ಕಡೆ ಬೆರ್ಚಪ್ಪ ಅಂತೀವಲ್ಲ ಅದು. ಡಚ್ ಕಲಾವಿದ ಥಿಯೊ ವಾನ್ ಡೂಸ್‌ಬರ್ಗ್ ಕೂಡ ಕೈಹಾಕಿದ ಪುಸ್ತಕ. ಅದರಲ್ಲಿ ಚಿತ್ರವೇ ಇಲ್ಲ! ಅಚ್ಚಿನ ಅಕ್ಷರಗಳೇ ಪಾತ್ರಗಳು. ದೊಡ್ಡ ‘ಎಕ್ಸ್’ ಕೈಕಾಲು ಚಾಚಿ ನಿಂತ ಬೆದರುಗೊಂಬೆ. ಹೊಟ್ಟೆ ಉಬ್ಬಿದ ‘ಬಿ’ ರೈತ, ಜರ್ಮನ್ನಿನಲ್ಲಿ ರೈತನಿಗೆ ‘ಬೌವರ್’ ಅನ್ನುತ್ತಾರೆ. ಬೆದರುಗೊಂಬೆಗೆ ಠೀವಿಯ ಟೋಪಿ, ಕೋಟು, ಬೆತ್ತ, ಚೆಂದದ ಲೇಸಿನ ಶಾಲು. ಇಷ್ಟೆಲ್ಲ ಇದ್ದರೂ ಹುಂಜ ಹೆದರುವುದಿಲ್ಲ, ಆರಾಮಾಗಿ ಕಾಳು ಕುಕ್ಕುತ್ತದೆ. ರೈತ ಸಿಟ್ಟಿನಿಂದ ಕುಣಿಯುತ್ತಾನೆ, ಅಕ್ಷರಗಳು ಪುಟದ ಮೇಲೆ ವಾಲುತ್ತವೆ, ಬೀಳುತ್ತವೆ. ಕೊನೆಗೆ ಆ ಠೀವಿಯೆಲ್ಲ ಒಂದೊಂದಾಗಿ ಕಳೆದುಹೋಗುತ್ತದೆ.

ಈ ಕತೆಗಳು ಹಲವು ಕಾಲ ಚದುರಿ ಬಿದ್ದಿದ್ದವು. 2009ರಲ್ಲಿ ಜ್ಯಾಕ್ ಜೈಪ್ಸ್ ಎಂಬ ವಿದ್ವಾಂಸರು ಇಂಗ್ಲಿಷಿಗೆ ಅನುವಾದಿಸಿ ಒಂದು ಸಂಕಲನ ತಂದರು. ಜರ್ಮನ್ ಬಾರದವರಿಗೆ ಒಳಗೆ ಹೋಗಲು ಸಿಕ್ಕ ಒಳ್ಳೆಯ ಬಾಗಿಲು ಅದು.

## ಮನೆಯೇ ಕೊಲಾಜ್ ಆದದ್ದು

ಹೊಟ್ಟೆಪಾಡಿಗೆ ಅವನು ಜಾಹೀರಾತು ವಿನ್ಯಾಸ ಮಾಡುತ್ತಿದ್ದ. ಹ್ಯಾನೋವರಿನದೇ ಪೆಲಿಕನ್ ಇಂಕಿನ ಕಂಪನಿಗೆ ಮಾಡಿದ, 1929ರಿಂದ ನಗರಸಭೆಯ ಅಚ್ಚಿನ ಕಾಗದಗಳ ವಿನ್ಯಾಸವನ್ನೂ ಮಾಡಿದ. ಹಗಲು ಶಿಸ್ತಿನ ಕೆಲಸ.

ಮನೆಗೆ ಬಂದರೆ ಬೇರೆ ಲೋಕ. 1920ರ ದಶಕದಲ್ಲಿ ತನ್ನ ಸ್ಟುಡಿಯೊದಲ್ಲಿ ಒಂದು ಕಂಬದಂಥದ್ದು ಕಟ್ಟಲು ಶುರುಮಾಡಿದ. ಅದಕ್ಕೆ ಮರ, ಗಾರೆ ಸೇರಿಸುತ್ತಾ ಹೋದ. ಕಂಬ ಗೋಡೆಗೆ ತಾಗಿತು, ಗೋಡೆಯಿಂದ ಮಾಡಿಗೆ ಹೋಯಿತು, ಪಕ್ಕದ ಕೋಣೆಗಳಿಗೂ ಹಬ್ಬಿತು. ಬಿಳಿ ಬಣ್ಣದ ಚೂಪು ಮೂಲೆಗಳು, ಒಳಗೊಳಗೆ ಗುಹೆಗಳು. ಗುಹೆಗಳಲ್ಲಿ ಗೆಳೆಯರಿಂದ ಕೇಳಿ ತಂದ, ಕದ್ದು ತಂದ ವಸ್ತುಗಳು. ಹಾನ್ಸ್ ರಿಕ್ಟರನ ಕೂದಲಿನ ಎಳೆ, ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆಯ ಪೆನ್ಸಿಲು. ಇದಕ್ಕೆ ‘ಮೆರ್ತ್ಸ್‌ಬೌ’ ಅಂದ, ಮೆರ್ತ್ಸ್ ಕಟ್ಟಡ. ಅಪ್ಪ ಅಮ್ಮ ಅದೇ ಮನೆಯಲ್ಲಿದ್ದರು, ಪಾಪ.

## ಓಡಿದ್ದು, ಮತ್ತೆ ಕಟ್ಟಿದ್ದು

ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಇಂಥ ಕಲೆಗೆ ‘ಕೆಟ್ಟುಹೋದ ಕಲೆ’ ಅಂತ ಹೆಸರಿಟ್ಟರು. 1937ರಲ್ಲಿ ಮ್ಯೂನಿಕ್‌ನಲ್ಲಿ ಅದನ್ನು ಹೀಯಾಳಿಸಲೆಂದೇ ಪ್ರದರ್ಶನ ನಡೆಯಿತು. ಬ್ಯಾಂಕ್ ಜಾಹೀರಾತಿನ ಚೂರಿದ್ದ ಆ ಮೊದಲ ಮೆರ್ತ್ಸ್ ಚಿತ್ರವೂ ಅಲ್ಲಿತ್ತು. ಆಮೇಲೆ ಅದರ ಸುಳಿವಿಲ್ಲ. ಆ ವರ್ಷದ ಜನವರಿಯಲ್ಲೇ ಶ್ವಿಟ್ಟರ್ಸ್ ಮಗನ ಹಿಂದೆ ನಾರ್ವೆಗೆ ಹೋಗಿದ್ದ. ಹೆಲ್ಮಾ ಮನೆ, ಆಸ್ತಿ, ಹಿರಿಯರನ್ನು ನೋಡಿಕೊಳ್ಳಲು ಹ್ಯಾನೋವರಿನಲ್ಲೇ ಉಳಿದಳು.

ಓಸ್ಲೊ ಹತ್ತಿರ ಎರಡನೇ ಮೆರ್ತ್ಸ್‌ಬೌ ಶುರುಮಾಡಿದ. 1940ರಲ್ಲಿ ಜರ್ಮನ್ ಸೈನ್ಯ ನಾರ್ವೆಗೂ ಬಂತು. ಉತ್ತರಕ್ಕೆ ಓಡಿ, ಹಿಮ ಒಡೆಯುವ ಹಡಗು ಹತ್ತಿ ಸ್ಕಾಟ್ಲೆಂಡ್ ಸೇರಿದ. ಬ್ರಿಟಿಷರ ಕಣ್ಣಿಗೆ ಅವನು ಜರ್ಮನ್, ಅಂದರೆ ಶತ್ರು. ಐಲ್ ಆಫ್ ಮ್ಯಾನ್ ದ್ವೀಪದ ಹಚಿನ್‌ಸನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲೂ ಸುಮ್ಮನಿರಲಿಲ್ಲ. ನೆಲದ ಲಿನೋಲಿಯಂ ಕಿತ್ತು ಅದರ ಮೇಲೆ ಚಿತ್ರ ಬರೆದ. ಉಳಿದ ಗಂಜಿಯಿಂದ ಶಿಲ್ಪ ಮಾಡಿದ, ಅದಕ್ಕೆ ಬೂಷ್ಟು ಹಿಡಿಯಿತು. ರಾತ್ರಿ ನಾಯಿಯಂತೆ ಬೊಗಳುತ್ತಿದ್ದ. ಜೊತೆಗಿದ್ದವರಿಗೆ ಉರ್‌ಸೊನಾಟೆ ಓದಿ ಹೇಳಿದ. 1941ರ ನವೆಂಬರಿನಲ್ಲಿ ಬಿಡುಗಡೆಯಾಯಿತು.

1943ರ ಅಕ್ಟೋಬರಿನಲ್ಲಿ ಬ್ರಿಟಿಷ್ ವಿಮಾನಗಳ ಬಾಂಬಿಗೆ ಹ್ಯಾನೋವರಿನ ಮನೆ, ಮೆರ್ತ್ಸ್‌ಬೌ ಎರಡೂ ನಾಶವಾದವು. ಮುಂದಿನ ವರ್ಷ ಹೆಲ್ಮಾ ಕ್ಯಾನ್ಸರಿನಿಂದ ತೀರಿಹೋದಳು. ಲಂಡನ್ನಿನಲ್ಲಿ ಅವನಿಗೆ ಈಡಿತ್ ಥಾಮಸ್ ಎಂಬ ಗೆಳತಿ ಸಿಕ್ಕಿದ್ದಳು. “ಟೀ ಬೇಕಾ” ಅಂತ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಳು ಅಂತ ಅವಳನ್ನು ‘ವಾಂಟೀ’ ಅಂತಲೇ ಕರೆದ. ಆಡುಮಾತಿನ ಚೂರು ಹೆಸರಾಯಿತು.

1945ರಲ್ಲಿ ಇಬ್ಬರೂ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಆಂಬಲ್‌ಸೈಡ್‌ಗೆ ಹೋದರು. ಊರವರ ಭಾವಚಿತ್ರ ಬರೆದು ಜೀವನ. 1947ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಿಂದ 1,000 ಡಾಲರ್ ನೆರವು ಬಂತು. ಆ ಬಲದ ಮೇಲೆ, ಎಲ್ಟರ್‌ವಾಟರ್ ಎಂಬಲ್ಲಿ, ಹಿಂದೆ ಕೋವಿಮದ್ದು ತಯಾರಿಸುತ್ತಿದ್ದ ಜಾಗದ ಒಂದು ಕಲ್ಲಿನ ಕೊಟ್ಟಿಗೆಯಲ್ಲಿ ಮತ್ತೆ ಕಟ್ಟಲು ಕೂತ. ಅರವತ್ತು ವರ್ಷ, ಮೈಯಲ್ಲಿ ಶಕ್ತಿಯಿಲ್ಲ. ಒಂದು ಗೋಡೆಯ ಮೇಲೆ ಗಾರೆ ಬಳಿದು ಕಲ್ಲು, ಕೊಂಬೆ, ಸಿಕ್ಕಿದ್ದೆಲ್ಲವನ್ನೂ ಕೂರಿಸುತ್ತಾ ಬಂದ.

1948ರ ಜನವರಿ 7ರಂದು ಬ್ರಿಟಿಷ್ ಪೌರತ್ವ ಸಿಕ್ಕಿದೆ ಅನ್ನುವ ಕಾಗದ ಬಂತು. ಮರುದಿನ ಕೆಂಡಾಲ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ.

ಹ್ಯಾನೋವರಿನ ಮೆರ್ತ್ಸ್‌ಬೌದ ಒಂದು ಕೋಣೆಯನ್ನು ಹಳೇ ಫೋಟೊಗಳ ಆಧಾರದಲ್ಲಿ 1980ರ ದಶಕದಲ್ಲಿ ಮರಳಿ ಕಟ್ಟಿದ್ದಾರೆ, ಅಲ್ಲಿನ ಶ್ಪ್ರೆಂಗೆಲ್ ಮ್ಯೂಸಿಯಂನಲ್ಲಿದೆ. ನಾರ್ವೆಯದ್ದು 1951ರಲ್ಲಿ ಸುಟ್ಟುಹೋಯಿತು. ಎಲ್ಟರ್‌ವಾಟರಿನ ಗೋಡೆಯನ್ನು 1965ರಲ್ಲಿ ಇಡಿಯಾಗಿ ಎತ್ತಿ, ಲಾರಿಯ ಮೇಲೆ ಹೇರಿ ನ್ಯೂಕಾಸಲ್‌ನ ಹ್ಯಾಟನ್ ಗ್ಯಾಲರಿಗೆ ಸಾಗಿಸಿದರು. ಈಗಲೂ ಅಲ್ಲೇ ಇದೆ. ಅದು ಅವನು ಮುಗಿಸಲಾಗದೆ ಬಿಟ್ಟು ಹೋದ ಗೋಡೆ.